ಹುಕ್ಕೇರಿಗೆ ಹೋದ ಸುಳ್ಳು ಅಳತೆ

ನೀವು ಇದನ್ನು ನಂಬುವುದಿಲ್ಲ. ಬೇಕಾದರೆ ಪಂಥ ಕಟ್ಟುತ್ತೇನೆ. ಒಂದು ಜೋಳದ ದಂಟಿನ ಸಿಬಿರು, ಒಂದು ಮರದ ಉರುಳೆ, ಮುರುಕು ಗ್ರಾಮಾಫೋನಿನ ಸ್ಪ್ರಿಂಗು ಮತ್ತು ಧುಪದಾಳದ ಕಪ್ಪೆ, ಇಷ್ಟನ್ನೇ ಇಟ್ಟುಕೊಂಡು ಗೋಕಾಕದ ಒಂದು ಕೋಣೆಯಲ್ಲಿ ಕೂತು, ಹೃದಯ ಯಾಕೆ ಬಡಿಯುತ್ತದೆ, ಯಾಕೆ ನಿಲ್ಲುತ್ತದೆ ಎನ್ನುವುದರ ಅರ್ಧ ಗುಟ್ಟನ್ನು ನಾನು ಹಿಡಿದಿದ್ದೆ. ಈಗ ದೊಡ್ಡ ಪ್ರಯೋಗಶಾಲೆಗಳಲ್ಲಿ ಪೊಟ್ಯಾಸಿಯಂ ಚಾನೆಲ್ ಅನ್ನುತ್ತಾರಲ್ಲ, ಅದಕ್ಕೆ ನಾನು ಆವಾಗಲೇ ‘ತೂಬು’ ಅಂತ ಹೆಸರಿಟ್ಟಿದ್ದೆ. ಕಪ್ಪೆ ನನ್ನದು, ತೂಬು ನನ್ನದು, ಬೆನ್ನುನೋವೂ ನನ್ನದೇ. ಚಪ್ಪಾಳೆ ಮಾತ್ರ ಬೇರೊಬ್ಬನ ಪಾಲಾಯಿತು. ಮುದುಕ ಬಡಾಯಿ ಕೊಚ್ಚುತ್ತಾನೆ ಅನ್ನಿಸಿದರೆ ಇಲ್ಲಿಗೇ ಪುಟ ಮಗುಚಿಬಿಡಿ. ಮಗುಚುವುದಿಲ್ಲ, ನನಗೆ ಗೊತ್ತು.

ನಮ್ಮ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಮೂರು ನಾಲ್ಕು ವರ್ಷವಾಗಿತ್ತು. ಗೋಕಾಕದ ಒಂದು ಹೊಸ ಕಾಲೇಜಿನಲ್ಲಿ ಹುಡುಗರಿಗೆ ಕಪ್ಪೆ ಕೊಯ್ಯುವುದನ್ನು ಕಲಿಸುವ ಕೆಲಸ ನನ್ನದು. ಪ್ರಯೋಗಶಾಲೆ ಅಂದರೆ ಎರಡು ಕಿಟಕಿಯ ಒಂದು ಕೋಣೆ. ಅಲ್ಲಿ ನಾನೇ ರಾಜ. ಒಂದು ಸಲ ಪ್ರಿನ್ಸಿಪಾಲರ ಮಣಿಕಟ್ಟಿಗೆ ರಬ್ಬರ್ ಕೊಳವೆ ಕಟ್ಟಿ, ಅವರ ನಾಡಿಯ ಗೆರೆ ಅಂತ ಹೇಳಿ ಸಾಯುತ್ತಿದ್ದ ಒಂದು ಕಪ್ಪೆಯ ಗೆರೆ ತೋರಿಸಿದ್ದೆ. ಮೂರು ಬಡಿತಕ್ಕೆ ಒಂದು ಬಡಿತ ಮಾಯ. ಅವರು ಎರಡು ದಿನ ರಜೆ ಹಾಕಿ ಮಲಗಿದರು. ಮೂರನೆಯ ದಿನ ವಿಷಯ ಗೊತ್ತಾಗಿ ನನ್ನ ಜೊತೆ ಒಂದು ತಿಂಗಳು ಮಾತು ಬಿಟ್ಟರು. ಹೀಗಾಗಿ ನಾನು ಏನು ಹೇಳಿದರೂ ಜನ ಮೊದಲು ನನ್ನ ಮುಖ ನೋಡುತ್ತಿದ್ದರು.

ಮುಖ ನೋಡದೆ ನಂಬುತ್ತಿದ್ದವನು ಒಬ್ಬನೇ. ಬೆಳಗಾವಿಯ ಬೋರ್ಡಿಂಗಿನಲ್ಲಿ ನಾಲ್ಕು ವರ್ಷ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದು, ಒಂದೇ ತಾಟಿನಲ್ಲಿ ಉಂಡವನು. ಮುಂದೆ ಡಾಕ್ಟರನಾಗಿ ಹುಕ್ಕೇರಿಯಲ್ಲಿ ಸ್ವಂತ ದವಾಖಾನೆ ಹಾಕಿದ್ದ. ಆ ವರ್ಷ ಬೇಸಿಗೆಯಲ್ಲಿ ವಾಂತಿಭೇದಿ ಹಬ್ಬಿದಾಗ ಒಂದು ದಿನ ಮುಖ ಬಾಡಿಸಿಕೊಂಡು ನನ್ನ ಕೋಣೆಗೆ ಬಂದ.

“ಲೇ ಮಂಗ್ಯಾ, ನನಗೊಂದು ತಿಳೀವಲ್ದು. ಭೇದಿ ಆದವ್ರಿಗೆ ಸಲಾಯಿನ್ ಏರಸ್ತೇನಿ. ನೀರು ತುಂಬತೈತಿ, ಒಳಗ ಹೋದ ಕಣ್ಣು ಮ್ಯಾಲ ಬರ್ತಾವು, ಎದ್ದು ಕುಂತು ಮಾತಾಡ್ತಾರ. ಎರಡು ದಿನ ಆದ ಮ್ಯಾಲ ಕೈಕಾಲು ಜೋತು ಬೀಳ್ತಾವು, ನಾಡಿ ಕುಂಟಾಕ ಹತ್ತತೈತಿ, ಆಮ್ಯಾಲ ಒಮ್ಮಿಗೇ ಹೋಗಿಬಿಡ್ತಾರ. ನೀರು ಕೊಟ್ಟ ಮ್ಯಾಲೂ ಯಾಕ ಸಾಯ್ತಾರ?”

“ನೀ ಕೊಡೂದು ಬರೇ ಅಡಗಿ ಉಪ್ಪಿನ ನೀರು,” ಅಂದೆ. “ಹೊಟ್ಟಿ ಹರದಾಗ ಬರೇ ಆ ಉಪ್ಪು ಹೋಗೂದಿಲ್ಲೋ. ಪೊಟ್ಯಾಸಿಯಂ ಉಪ್ಪೂ ಹೋಗತೈತಿ. ಅದಿಲ್ಲಂದ್ರ ಎದಿ ಹೆಂಗ ಬಡಿಬೇಕು?”

“ಹಂಗಾದ್ರ ಅದನ್ನೂ ಹಾಕ್ತೇನಿ.”

“ಎಷ್ಟು ಹಾಕ್ತಿ?”

ಅದೇ ಪ್ರಶ್ನೆ. ಆ ಉಪ್ಪು ಕಡಿಮೆಯಾದರೂ ಹೃದಯ ಕೆಡುತ್ತದೆ, ಹೆಚ್ಚಾದರೂ ಕೆಡುತ್ತದೆ. ಅಳತೆ ಕಪ್ಪೆಯನ್ನೇ ಕೇಳಬೇಕು ಅಂತ ಇಬ್ಬರೂ ಮಾತಾಡಿಕೊಂಡೆವು. ಪ್ರಯೋಗ ನನ್ನದು, ರೋಗಿಗಳ ನಾಡಿ ನೋಡಿ ಬರೆಯುವುದು ಅವನದು. ಬರಹ ಆದ ಮೇಲೆ ಎರಡೂ ಹೆಸರು.

“ನಿನ್ನ ಹೆಸರ ಮೊದಲ ಹಾಕೋಣು,” ಅಂದ ಅವನು. “ನಾ ಏನ್ ಕಪ್ಪಿ ಹಿಡೀತೇನು?”

ಉಪಕರಣ ಕೊಳ್ಳುವುದಕ್ಕೆ ಕಾಲೇಜು ಒಪ್ಪಲಿಲ್ಲ. ಪ್ರಿನ್ಸಿಪಾಲರು ಇನ್ನೂ ಆ ಎರಡು ದಿನದ ರಜೆಯನ್ನು ಮರೆತಿರಲಿಲ್ಲ. ಗೋಕಾಕದ ಬೊಂಬೆ ಮಾಡುವವನೊಬ್ಬನ ಹತ್ತಿರ ಹಗುರ ಕಟ್ಟಿಗೆಯ ಉರುಳೆ ಕಡೆಸಿದೆ. ಗ್ರಾಮಾಫೋನಿನ ಸ್ಪ್ರಿಂಗಿಗೆ ದಾರ ಮತ್ತು ಗಾಲಿ ಕಟ್ಟಿ ಅದು ಮೆಲ್ಲಗೆ ತಿರುಗುವ ಹಾಗೆ ಮಾಡಿದೆ. ಉರುಳೆಗೆ ನುಣುಪು ಕಾಗದ ಸುತ್ತಿ, ಚಿಮಣಿ ಎಣ್ಣೆಯ ದೀಪದ ಹೊಗೆ ಹಿಡಿಸಿ ಕಪ್ಪು ಮಾಡುವುದು. ಮಿದುಳು ನಿಷ್ಕ್ರಿಯಗೊಳಿಸಿದ ಕಪ್ಪೆಯ ಎದೆ ತೆರೆದು, ಹೃದಯದೊಳಕ್ಕೆ ಸಣ್ಣ ಗಾಜಿನ ನಳಿಕೆ ತೂರಿಸಿ, ಮೇಲಿನ ಬಾಟಲಿಯಿಂದ ಲವಣದ ನೀರು ಹನಿಹನಿಯಾಗಿ ಬಿಡುವುದು. ಹೃದಯದ ತುದಿಗೆ ಬಗ್ಗಿಸಿದ ಗುಂಡುಪಿನ್ನು, ಪಿನ್ನಿಗೆ ದಾರ, ದಾರಕ್ಕೆ ಜೋಳದ ಸಿಬಿರು. ಹೃದಯ ಹಿಂಡಿಕೊಂಡಾಗಲೆಲ್ಲ ಸಿಬಿರಿನ ತುದಿ ಮಸಿಯ ಮೇಲೆ ಬೆಳ್ಳಗೆ ಒಂದು ಗುಡ್ಡ ಗೀರುತ್ತದೆ. ಕೊನೆಗೆ ಕಾಗದ ಬಿಚ್ಚಿ ಅರಗಿನ ವಾರ್ನಿಷಿನಲ್ಲಿ ಅದ್ದಿ ಒಣಗಿಸಿದರೆ ಗೆರೆ ಅಳಿಸುವುದಿಲ್ಲ. ಉಸಿರು ಜೋರಾಗಿ ಬಿಟ್ಟರೂ ಮಸಿ ಕೆಡುತ್ತಿತ್ತು. ನನ್ನಂಥ ಬಾಯಿಬಡುಕ ತಾಸುಗಟ್ಟಲೆ ಬಾಯಿ ಮುಚ್ಚಿ ಕೂತದ್ದು ಜನ್ಮದಲ್ಲಿ ಆ ಕೆಲಸದಲ್ಲಿ ಮಾತ್ರ.

ಮೊದಲ ಮೂರು ವಾರ ಬರೀ ಸೋಲು. ಪುಸ್ತಕದಲ್ಲಿದ್ದ ಹಾಗೆಯೇ ಲವಣ ತೂಗಿ ನೀರು ಮಾಡುತ್ತಿದ್ದೆ. ಆದರೂ ಹೃದಯ ಹತ್ತಿಪ್ಪತ್ತು ಸಲ ಬಡಿದು, ಅಗಲವಾಗಿ, ಸಡಿಲವಾಗಿ, ಒದ್ದೆ ಚೀಲದ ಹಾಗೆ ನಿಂತುಬಿಡುತ್ತಿತ್ತು. ತಕ್ಕಡಿ ಬದಲಿಸಿದೆ. ಬಟ್ಟಿ ಇಳಿಸಿದ ನೀರನ್ನು ಎರಡನೆಯ ಸಲ ಬಟ್ಟಿ ಇಳಿಸಿದೆ. ಕಪ್ಪೆಯ ಜಾತಿಯೇ ಸರಿಯಿಲ್ಲ ಅಂತ ಬೈದೆ. ನಡುವೆ ನಾಲ್ಕು ದಿನ ಮಾತ್ರ ಎಲ್ಲ ಸುಸೂತ್ರ ನಡೆಯಿತು, ಗೆರೆ ಓಡಿದ್ದೇ ಓಡಿದ್ದು. ಐದನೆಯ ದಿನ ಮತ್ತೆ ಅದೇ ಒದ್ದೆ ಚೀಲ. ಆ ನಾಲ್ಕು ದಿನ ಏನು ಬೇರೆ ಇತ್ತು ಅಂತ ಯೋಚಿಸಿದರೆ ಹೊಳೆದದ್ದು ಒಂದೇ: ಬಾಟಲಿ ತೊಳೆಯುವ ನಮ್ಮ ಕಾಲೇಜಿನ ಮುದುಕ ಸಿಪಾಯಿ ಬೀಗರ ಮನೆಯ ಮದುವೆಗೆ ಹೋಗಿದ್ದ. ಬಾಟಲಿಗಳನ್ನು ನಾನೇ ಬಿಸಿನೀರಿನಲ್ಲಿ ಜಾಲಾಡಿಕೊಂಡಿದ್ದೆ.

ಅವನನ್ನು ಕರೆದೆ. “ಬಾಟ್ಲಿ ಎದರಿಂದ ತೊಳೀತಿ?”

“ಬೂದಿಲೇರಿ ಸಾಹೇಬ್ರ,” ಅಂದ ಎದೆಯುಬ್ಬಿಸಿ. “ಸಂಜಿಕ ಬೂದಿ ನೀರಾಗ ನೆನಿ ಇಟ್ಟು ಮುಂಜಾನೆದ್ದು ತಿಕ್ಕತೇನ್ರಿ. ನಮ್ಮ ಮನ್ಯಾಗ ಹಾಲಿನ ಗಡಗಿನೂ ಹಂಗ ತಿಕ್ಕತಾರ. ನೋಡ್ರಿ, ನಿಮ್ಮ ಮಾರಿ ಕಾಣತೈತಿ ಅದರಾಗ!”

“ಕಾಣತೈತೋ ಮಾರಾಯ, ಕಾಣತೈತಿ. ಕಪ್ಪಿಗೆ ಯಮನ ಮಾರಿನೂ ಕಾಣತೈತಿ.”

ಕಟ್ಟಿಗೆಯ ಬೂದಿ ಅಂದರೆ ಪೊಟ್ಯಾಸಿಯಂನ ಗಣಿ. ರಬ್ಬರ್ ಕೊಳವೆಯ ಒಳಗೆ, ಬಾಟಲಿಯ ಕತ್ತಿನ ಗೀರಿನಲ್ಲಿ ಅದು ಅಂಟಿಕೊಂಡು ಕೂತಿತ್ತು. ಖಾತ್ರಿ ಮಾಡಿಕೊಳ್ಳಲು ಬೂದಿಯ ನೀರು ಸೋಸಿ, ತಂತಿಗೆ ಹಚ್ಚಿ ಉರಿಗೆ ಹಿಡಿದು ನೀಲಿ ಗಾಜಿನಿಂದ ನೋಡಿದೆ. ಜ್ವಾಲೆ ನೇರಳೆ ಬಣ್ಣಕ್ಕೆ ತಿರುಗಿತು, ಪೊಟ್ಯಾಸಿಯಂನ ಗುರುತೇ ಅದು. ಅದೇ ನೀರಿನ ಕ್ಷಾರವನ್ನು ಹುಳಿ ಹಾಕಿ ಕಳೆದು, ಬಡಿಯುವ ಹೃದಯಕ್ಕೆ ನಾಲ್ಕು ಹನಿ ಬಿಟ್ಟೆ. ನಿಂತಿತು. ಶುದ್ಧ ಲವಣದ ನೀರಿನಿಂದ ತೊಳೆದೆ. ಮತ್ತೆ ಶುರುವಾಯಿತು! ಸತ್ತದ್ದಲ್ಲ, ತಡೆದು ನಿಂತದ್ದು. ನಾನು ಎದ್ದು ಆ ಮುದುಕನನ್ನು ತಬ್ಬಿಕೊಂಡೆ. ಅವನಿಗೆ ತನ್ನ ಬೂದಿಯ ಪ್ರತಾಪ ಅಂತಲೇ ಅನ್ನಿಸಿರಬೇಕು.

ಅಲ್ಲಿಂದ ಐದು ತಿಂಗಳು ಅಳತೆ ಬದಲಿಸಿ ಬದಲಿಸಿ ಗೆರೆ ತೆಗೆದೆ. ಪೊಟ್ಯಾಸಿಯಂ ಪೂರ್ತಿ ಇಲ್ಲದ ನೀರಿನಲ್ಲಿ ಹೃದಯ ಮೊದಲು ಹುರುಪಿನಿಂದ ಎಗರುತ್ತದೆ, ಆಮೇಲೆ ತಪ್ಪುಹೆಜ್ಜೆ ಹಾಕುತ್ತದೆ, ಕೊನೆಗೆ ತಾಳವೇ ಇರುವುದಿಲ್ಲ. ಸರಿಯಾದ ಅಳತೆಯಲ್ಲಿ ಕುದುರೆಯ ನಡಿಗೆ. ಅದರ ಹತ್ತು ಪಟ್ಟು ಮಾಡಿದರೆ ಒಂದು ನಿಮಿಷದೊಳಗೆ ಒದ್ದೆ ಚೀಲ. ಹತ್ತು ಪಟ್ಟಿನ ಈ ಮಾತು ನೆನಪಿಡಿ. ನನಗಂತೂ ಚೆನ್ನಾಗಿ ಗೊತ್ತಿತ್ತು.

ಆದರೆ ಹಾಗೆ ಯಾಕೆ ಆಗುತ್ತದೆ ಎನ್ನುವುದು ತಿಳಿದದ್ದು ಧುಪದಾಳದ ಒಡ್ಡಿನ ಮೇಲೆ. ನನಗೆ ಕಪ್ಪೆ ಹಿಡಿದು ಕೊಡುತ್ತಿದ್ದವನು ಅಲ್ಲಿನ ಒಬ್ಬ ಮೀನುಗಾರ. ಮಳೆಗಾಲದಲ್ಲಿ ಒಂದು ದಿನ ನಾನೂ ಡಾಕ್ಟರನೂ ಅವನ ಹತ್ತಿರ ಹೋಗಿದ್ದೆವು. ಘಟಪ್ರಭೆ ತುಂಬಿ, ಒಡ್ಡಿನ ಕೆಳಗೂ ನೀರು ಏರಿ ನಿಂತಿತ್ತು. ಒಂದು ಗೇಟು ತೆರೆದಿದ್ದರೂ ಅದರಲ್ಲಿ ರಭಸವೇ ಇರಲಿಲ್ಲ.

“ಗೇಟ್ ತಗದಾರ, ನೀರು ಯಾಕ ಹರಿಯವಲ್ದು?” ಅಂದೆ.

ಮೀನುಗಾರ ನನ್ನನ್ನು ಮರುಕದಿಂದ ನೋಡಿದ. “ಇಷ್ಟು ಕಲ್ತೀರಿ ಮಾಸ್ತರ್ರ, ಇದು ತಿಳೀಲಿಲ್ಲೇನ್ರಿ? ಒಳಗಿನ ಮಟ್ಟ ಮ್ಯಾಲ ಇದ್ದು ಹೊರಗಿಂದು ತೆಳಗ ಇದ್ರ ಹರೀತೈತಿ. ಹೊರಗೂ ಏರಿ ಬಂದ್ರ, ಗೇಟ್ ತಗದ್ರೇನು, ಮುಚ್ಚಿದ್ರೇನು?”

ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಹೃದಯದ ಪ್ರತಿ ಜೀವಕಣದ ಒಳಗೂ ಪೊಟ್ಯಾಸಿಯಂ ತುಂಬಿದೆ, ಹೊರಗೆ ಸ್ವಲ್ಪವೇ ಇದೆ. ಒಂದು ಬಡಿತ ಮುಗಿದ ಮೇಲೆ ಕಣ ಮತ್ತೆ ಹದಕ್ಕೆ ಬರಬೇಕಾದರೆ ಒಳಗಿನ ಪೊಟ್ಯಾಸಿಯಂ ಸ್ವಲ್ಪ ಹೊರಗೆ ಹರಿಯಬೇಕು. ಕಣದ ಗೋಡೆಯಲ್ಲಿ ಅದಕ್ಕೇ ಅಂತ ಒಂದು ತೂಬು ಇರಬೇಕು. ಹೊರಗಿನ ಮಟ್ಟವೂ ಏರಿದರೆ ತೂಬು ತೆರೆದಿದ್ದೂ ಉಪಯೋಗವಿಲ್ಲ. ಹದ ಬರುವುದಿಲ್ಲ, ಮುಂದಿನ ಬಡಿತವೂ ಬರುವುದಿಲ್ಲ. ಇದನ್ನೆಲ್ಲ ಕೈ ಬೀಸಿ ಬೀಸಿ ಹೇಳಿದೆ. ಡಾಕ್ಟರ ನನ್ನ ಬೆನ್ನಿಗೆ ಗುದ್ದಿ, “ಮಂಗ್ಯಾ, ನೀ ಮಂಗ್ಯಾ ಅಲ್ಲೋ!” ಅಂದ. ಆ ಗುದ್ದಿನಷ್ಟು ಸುಖದ ಸನ್ಮಾನ ನನಗೆ ಆಮೇಲೆ ಯಾರೂ ಮಾಡಲಿಲ್ಲ.

ಮುಂದಿನ ಬೇಸಿಗೆ ಹತ್ತಿರ ಬಂದಾಗ ನಾನು ಎರಡು ದಿನದ ಮಟ್ಟಿಗೆ ಮೂಡಲಗಿಯ ನಮ್ಮ ಮನೆಗೆ ಹೋದೆ. ಅಲ್ಲಿ ಔಷಧ ಅಂಗಡಿಯವರೊಬ್ಬರು ನನಗೆ ಪರಿಚಯ. ನನ್ನನ್ನು ಕಂಡವರೇ ಕೂಗಿ ಕರೆದರು.

“ಮಾಸ್ತರ್ರ, ನಿಮ್ಮ ದೋಸ್ತರು ಭಾರಿ ಆಗ್ಯಾರಲ್ರಿ! ಜಿಲ್ಲಾದ ಡಾಕ್ಟರ್ ಮಂದಿ ಸಭಾದಾಗ ಭಾಷಣ ಐತಂತ.”

ಅಚ್ಚು ಹಾಕಿದ ಒಂದು ಹಾಳೆ ಕೊಟ್ಟರು. ಇಂಗ್ಲಿಷಿನಲ್ಲಿತ್ತು, ಕನ್ನಡಕ್ಕೆ ತಂದರೆ ‘ಹೃದಯದ ಪೊಟ್ಯಾಸಿಯಂ ತೂಬು: ನನ್ನ ಪ್ರಯೋಗಗಳು’ ಎಂದು. ಕೆಳಗೆ ಒಂದೇ ಹೆಸರು. ಹಾಳೆ ತಿರುಗಿಸಿ ಹಿಂಬದಿ ನೋಡಿದೆ. ಖಾಲಿ. ಮೂರ್ಖನ ಹಾಗೆ ಇನ್ನೊಂದು ಸಲ ತಿರುಗಿಸಿದೆ.

“ಯಾಕ್ರಿ, ಬಿಸಲು ಹತ್ತೇತೇನು? ಕುಂದರ್ರಿ, ನೀರು ಕುಡೀರಿ,” ಅಂದರು ಅಂಗಡಿಯವರು.

‘ನನ್ನ ಪ್ರಯೋಗಗಳು’. ಒಂದು ಕಪ್ಪೆ ಮುಟ್ಟಿದರೆ ಮೂರು ಸಲ ಕೈ ತೊಳೆಯುತ್ತಿದ್ದವನು! ಹೆಸರು ಬಿಟ್ಟದ್ದಕ್ಕಿಂತ ಆ ತೂಬನ್ನು ಒಯ್ದದ್ದು ಉರಿಯಿತು. ಅದನ್ನು ನಾನು ಹಾಡಿದ ಹಾಗೆ ಹೇಳಿದ್ದೆ, ಗೆಳೆಯನಿಗೆ ಅಂತ ಹೇಳಿದ್ದೆ.

ಬೇರೆ ಯಾರಾದರೂ ಆಗಿದ್ದರೆ ಹುಕ್ಕೇರಿಗೆ ಹೋಗಿ ಜಗಳ ತೆಗೆಯುತ್ತಿದ್ದರು. ನಾನು ಜಗಳದ ಮನುಷ್ಯನಲ್ಲ, ಚೇಷ್ಟೆಯ ಮನುಷ್ಯ. ಅವನಿಗೆ ಇನ್ನೂ ಒಂದು ಬೇಕಾಗಿತ್ತು: ಯಾವ ಅಳತೆಗೆ ಹೃದಯ ಎಲ್ಲಕ್ಕಿಂತ ಚೆನ್ನಾಗಿ ಬಡಿಯುತ್ತದೆ ಎನ್ನುವ ಕೊನೆಯ ತಖ್ತೆ, ಅಂದರೆ ಅಳತೆಗಳ ಪಟ್ಟಿ. ಅದು ನನ್ನ ಜೇಬಿನ ವಹಿಯಲ್ಲಿತ್ತು. ಭಾನುವಾರ ಬಂದು ಒಯ್ಯುತ್ತೇನೆ ಅಂದಿದ್ದ. ಶನಿವಾರ ಕೂತು, ಒಳ್ಳೆಯ ಹಾಳೆಯ ಮೇಲೆ, ಮುದ್ದಾದ ಅಕ್ಷರದಲ್ಲಿ ಬೇರೆ ತಖ್ತೆ ಬರೆದೆ. ಎಲ್ಲ ಅದೇ. ಪೊಟ್ಯಾಸಿಯಂನ ಸಾಲಿನಲ್ಲಿ ಮಾತ್ರ ದಶಮಾಂಶದ ಚುಕ್ಕಿ ಒಂದು ಮನೆ ಬಲಕ್ಕೆ ಸರಿಸಿದೆ. ಹತ್ತು ಪಟ್ಟು. ಸಭೆಯಲ್ಲಿ ಇದನ್ನು ಓದಿದರೆ ಮುಂದಿನ ಸಾಲಿನ ಹಿರಿಯ ಡಾಕ್ಟರನೊಬ್ಬ ಎದ್ದು, ‘ಈ ಅಳತೆಗೆ ನಿಮ್ಮ ಕಪ್ಪೆ ಬದುಕಿತ್ತೇ?’ ಅಂತ ಕೇಳುತ್ತಾನೆ, ಇಡೀ ಸಭೆ ನಗುತ್ತದೆ. ನಾನು ಹಿಂದಿನ ಸಾಲಿನಲ್ಲಿ ಕೂತು ನೋಡುವುದು. ಕೆಳಗೆ ನನ್ನ ಸಹಿಯನ್ನೂ ಜೋರಾಗಿ ಹಾಕಿದೆ, ಕಲಾವಿದರು ಚಿತ್ರದ ಮೂಲೆಯಲ್ಲಿ ಹಾಕುವ ಹಾಗೆ.

ಭಾನುವಾರ ಬಂದ. ಚಹಾ ಕುಡಿದ. ನಾನೂ ನಗುತ್ತಾ ಕೂತಿದ್ದೆ.

“ಹೆಸರ ಹೆಂಗ ಹಾಕಾಂವ?” ಅಂತ ಕೇಳಿದೆ, ಕೊನೆಯ ಒಂದು ಅವಕಾಶ ಕೊಟ್ಟ ಹಾಗೆ.

“ಹೆಸರ ಎಲ್ಲಿ ಓಡಿ ಹೋಗ್ತಾವೋ? ಎರಡೂ ಹಾಕ್ತೇನಿ. ನಿಂದ ಮೊದಲು.”

ಕಣ್ಣು ಕೂಡ ಮಿಟುಕಿಸಲಿಲ್ಲ. ನಾನೂ ಮಿಟುಕಿಸಲಿಲ್ಲ. ಹಾಳೆ ಕೊಟ್ಟೆ.

ಅದರ ಮುಂದಿನ ಶುಕ್ರವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಮೀನುಗಾರನ ಹೆಂಡತಿ ಕಾಲೇಜಿನ ಬಾಗಿಲಿಗೆ ಬಂದಳು. ಕೈಯಲ್ಲಿ ಹಸಿ ಗೋಣಿ ಮುಚ್ಚಿದ ತಗಡಿನ ಡಬ್ಬಿ, ಅದರೊಳಗೆ ಕಪ್ಪೆಗಳು.

“ನೀ ಯಾಕ ಬಂದಿ ಯವ್ವಾ? ಅಂವ ಎಲ್ಲಿ?”

“ಹುಕ್ಕೇರ್ಯಾಗ ಮಗಳ ಮನಿಗೆ ಹೋದಾಗ ವಾಂತಿಭೇದಿ ಹತ್ತಿತ್ರಿ. ನಿಮ್ಮ ದೋಸ್ತ ಡಾಕ್ಟರ್ರ ಕಡೆ ಹಾಕೇವಿ. ಎರಡು ದಿನ ಆತ್ರಿ ಬಾಟ್ಲಿ ಏರಸಾಕತ್ತು. ಭೇದಿ ನಿಂತೈತಿ, ಖರೆ ಕೈಕಾಲಾಗ ಜೀವ ಇಲ್ರಿ, ನಾಡಿ ತಪ್ಪಾಕತ್ತೈತಂತ. ‘ಮಾಸ್ತರ್ರ ಕೆಲಸ ನಿಲ್ಲಬಾರ್ದು, ಗಡಗ್ಯಾಗ ಇಟ್ಟ ಕಪ್ಪಿ ಮುಟ್ಟಿಸಿ ಬಾ’ ಅಂತ ಹಾಸಗ್ಯಾಗಿಂದ ಒಂದ ಸವನ ಅಂದಾರ್ರಿ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಅಂಜಿಕಿ ಇಲ್ರಿ ಈಗ. ಮಧ್ಯಾಹ್ನ ಹೊಸಾ ಔಷಧ ಬಾಟ್ಲ್ಯಾಗ ಕೂಡಸ್ತಾರಂತ. ‘ಯಾರ ಔಷಧ ಅಂತ ತಿಳದಿ? ನಿಮ್ಮ ಗೋಕಾಕ ಮಾಸ್ತರ ಕಂಡು ಹಿಡದದ್ದು’ ಅಂತ ಡಾಕ್ಟರ್ರ ಹೇಳಿದ್ರು. ನಿಮ್ಮದು ಅಂದ ಮ್ಯಾಲ ನಮಗ ಧೈರ್ಯ ಬಂತ್ರಿ.”

ಅಚ್ಚಿನ ಹಾಳೆಯಲ್ಲಿ ಬಿಟ್ಟ ನನ್ನ ಹೆಸರನ್ನು ಅವನು ಇಲ್ಲಿ ಹೇಳಿದ್ದ.

ನಾನು ವೇದಿಕೆಯನ್ನಷ್ಟೇ ನೆನೆದಿದ್ದೆ. ಸಭೆಗೆ ಮುಂಚೆ ಒಬ್ಬ ಮನುಷ್ಯನ ಮೇಲೂ ಮಾಡಿ ತೋರಿಸಬೇಕು ಅಂತ ಅವನಿಗೆ ಅನ್ನಿಸಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಮಧ್ಯಾಹ್ನ ಅಂದರೆ ಎರಡು ತಾಸು. ಜೇಬಿನಲ್ಲಿ ನಿಜವಾದ ವಹಿ ಇದೆಯೇ ಅಂತ ಮುಟ್ಟಿ ನೋಡಿಕೊಂಡೆ. ಕಪ್ಪೆಯ ಡಬ್ಬಿಯನ್ನು ಅವಳ ಕೈಯಿಂದ ಕಿತ್ತುಕೊಂಡು, “ನಡಿ,” ಅಂದೆ.

ಬಸ್ಸಿನಲ್ಲಿ ಕಂಡಕ್ಟರ ಡಬ್ಬಿ ನೋಡಿದ. “ಏನೈತ್ರಿ ಅದರಾಗ?”

“ಹುಕ್ಕೇರಿ ದವಾಖಾನಿಗೆ ಔಷಧ.”

“ಔಷಧ ವಟಗುಟ್ಟಾಕತ್ತೈತಲ್ರಿ!”

ಜನ ನಕ್ಕರು. ಬೇರೆ ದಿನವಾಗಿದ್ದರೆ ನಾನು ಆ ಮಾತಿಗೆ ನಾಲ್ಕು ಮಾತು ಕೂಡಿಸುತ್ತಿದ್ದೆ. ಬಾಜೂ ಕೂತ ಆ ಹೆಣ್ಣುಮಗಳು, “ನೀವ ಖುದ್ದ ಹೊಂಟೀರಲ್ರಿ, ದೇವರ ಬಂದಂಗಾತು,” ಅಂದಳು. ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಘಟಪ್ರಭಾದ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಮುಂದೂ ಹೋಗುತ್ತಿಲ್ಲ, ಹಿಂದೂ ಬರುತ್ತಿಲ್ಲ. ಕಾಲು ತಾಸು ಕಾದು, ಅವಳನ್ನೂ ಇಳಿಸಿ, ಗಾಡಿಯ ಬಾಲದ ಹಿಂದಿನಿಂದ ಹಳಿ ದಾಟಿ, ಆಚೆ ಹುಕ್ಕೇರಿ ಕಡೆ ಮುಖ ಮಾಡಿ ನಿಂತಿದ್ದ ಬೆಲ್ಲದ ಲಾರಿಯವನಿಗೆ ಕೈ ಮುಗಿದೆವು. ಅವನು ಹತ್ತಿಸಿಕೊಂಡ. ಹುಕ್ಕೇರಿಯವರೆಗೆ ಬೆಲ್ಲದ ಪೆಂಟೆಗಳ ಮೇಲೆ ಕೂತು, ಸರಿಯಾದ ಅಳತೆಯನ್ನು ಜಪದ ಹಾಗೆ ಹೇಳಿಕೊಳ್ಳುತ್ತಿದ್ದೆ.

ದವಾಖಾನೆಯ ಹೊರಕೋಣೆಯಲ್ಲಿ ಮೀನುಗಾರ ಮಂಚದ ಮೇಲಿದ್ದ. ಕೈಗೆ ಸೂಜಿ ಚುಚ್ಚಿತ್ತು, ಹಳೆಯ ಬಾಟಲಿ ಇನ್ನೇನು ಮುಗಿಯುವುದರಲ್ಲಿತ್ತು. ಹೆಂಡತಿಯನ್ನು ಅವನ ಹತ್ತಿರ ಬಿಟ್ಟು ಒಳಕೋಣೆಗೆ ನುಗ್ಗಿದೆ. ಡಾಕ್ಟರ ಹೊಸ ಬಾಟಲಿಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸುತ್ತಿದ್ದ.

“ಅದನ್ನ ಏರಸಬ್ಯಾಡ. ಅಳತಿ ಸುಳ್ಳ ಐತಿ.”

“ಯಾವ ಅಳತಿ?”

“ನಾ ಕೊಟ್ಟದ್ದು. ಚುಕ್ಕಿ ಬೇಕಂತ ಸರಸೇನಿ. ಹತ್ತು ಪಟ್ಟು ಐತಿ ಅದು.”

ಅವನು ನಕ್ಕ. “ಮಂಗ್ಯಾ, ಮಸ್ಕಿರಿ ಮಾಡೂ ಹೊತ್ತಲ್ಲೋ ಇದು.” ಆಮೇಲೆ ನನ್ನ ಮುಖ ನೋಡಿದ. ಅವನ ಕಣ್ಣು ಸಣ್ಣಗಾಯಿತು. “ಆ ಅಚ್ಚಿನ ಹಾಳಿ ನೋಡಿಯೇನು?”

“ಮೂಡಲಗ್ಯಾಗ ನೋಡೇನಿ.”

“ಹಂಗನ್ನು! ನನ್ನ ಸಭಾ ಕೆಡಸಾಕ ಬಂದಿ. ಅವತ್ತ ಖರೆ ಅಳತಿ ಕೊಟ್ಟಿ, ಈಗ ಹೊಟ್ಟಿಕಿಚ್ಚಿಲೆ ಸುಳ್ಳ ಅನ್ನಾಕತ್ತಿ. ಯಾವುದನ್ನ ನಂಬಲಿ? ಹುಟ್ಟಿದಾಗಿಂದ ನೀ ಖರೆ ಹೇಳಿದ್ದು ಯಾವಾಗ? ಹೊರಗ ಮನಿಷ್ಯಾನ ನಾಡಿ ಕುಂಟಾಕತ್ತೈತಿ. ಸರಿ ಬಾಜೂಕ.”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಇಡೀ ಜನ್ಮದ ಚೇಷ್ಟೆಗಳು ಆ ಬಾಗಿಲಲ್ಲಿ ಸಾಲಾಗಿ ನಿಂತು ಅವನ ಪರವಾಗಿ ಸಾಕ್ಷಿ ಹೇಳುತ್ತಿದ್ದವು. ಮಾತಿನಿಂದ ಆ ಬಾಟಲಿ ನಿಲ್ಲಿಸುವುದು ಸಾಧ್ಯವಿರಲಿಲ್ಲ. “ನನ್ನ ನಂಬಬ್ಯಾಡ,” ಅಂದೆ. “ಕಪ್ಪಿನ ಕೇಳು. ಹತ್ತು ನಿಮಿಷ ಕೊಡು.”

ಬೆಳಕು ಇದ್ದದ್ದು ಹೊರಕೋಣೆಯ ಕಿಟಕಿಯ ಹತ್ತಿರ. ಅಲ್ಲಿಯ ಮೇಜಿನ ಮೇಲೆ ತಟ್ಟೆಯಿಟ್ಟು, ಅವನ ಕತ್ತರಿಯಲ್ಲೇ ಕಪ್ಪೆಯ ಎದೆ ತೆರೆದೆ. ಉರುಳೆ ಇಲ್ಲ, ಸಿಬಿರು ಇಲ್ಲ, ಬರಿಗಣ್ಣು ಮಾತ್ರ. ಹೃದಯ ಕೆಂಪಗೆ, ಚುರುಕಾಗಿ ಬಡಿಯುತ್ತಿತ್ತು. ಮಂಚದ ಮೇಲಿನಿಂದ ಮೀನುಗಾರ ಕತ್ತು ಹೊರಳಿಸಿದ.

“ಒಡ್ಡಿನ ತೆಳಗಿನ ಕಪ್ಪಿ ಹೌದಲ್ರಿ ಮಾಸ್ತರ್ರ? ಭಾರಿ ಗಟ್ಟಿ ಅದಾವು ಅವು.”

“ನಿನ್ನಷ್ಟ ಗಟ್ಟಿ ಅದಾವೋ ತಮ್ಮಾ, ಮಲಕೋ,” ಅಂದೆ.

“ನಿನ್ನ ಕೈಯಿಂದ ಬಿಡು,” ಅಂತ ಡಾಕ್ಟರನಿಗೆ ಹೇಳಿದೆ. “ನಿನ್ನ ಬಾಟ್ಲ್ಯಾಗಿಂದ.”

ಅವನು ಪಿಚಕಾರಿಯಲ್ಲಿ ಎಳೆದು ಹೃದಯದ ಮೇಲೆ ಹನಿ ಬಿಟ್ಟ. ಬಡಿತ ಅಗಲವಾಯಿತು. ನಿಧಾನವಾಯಿತು. ಕಪ್ಪಾಗಿ ಊದಿಕೊಂಡು ಒಂದು ಸಲ ಅರ್ಧ ಹಿಂಡಿ, ಸಡಿಲವಾಗಿ ನಿಂತುಬಿಟ್ಟಿತು.

“ತಖ್ತೆ ಏನಂತೈತಿ?” ಅಂತ ಮೆಲ್ಲಗೆ ಕೇಳಿದೆ.

“ಈ ಅಳತಿಗೆ ಬಡತ ಎಲ್ಲಕ್ಕಿಂತ ಗಟ್ಟಿ ಅಂತೈತಿ.”

“ಕಪ್ಪಿ ಏನಂತೈತಿ?”

ಬರೀ ಸಲಾಯಿನ್ನಿನಿಂದ ಹೃದಯವನ್ನು ತೊಳೆದೆ, ಮತ್ತೆ ತೊಳೆದೆ. ತುಸು ಹೊತ್ತಿಗೆ ಒಂದು ಮೂಲೆ ಅದುರಿತು. ಆಮೇಲೆ ಇನ್ನೊಂದು. ಜೇಬಿನ ವಹಿ ತೆಗೆದು ಅವನ ಮುಂದೆ ಬಿಚ್ಚಿಟ್ಟು, ಬೆರಳಿಟ್ಟು ತೋರಿಸಿದೆ. “ಇದು ಖರೆ ಅಳತಿ. ಇದೂ ಕಪ್ಪಿಂದು, ಮನಿಷ್ಯಾಂದಲ್ಲ. ಇದರ ಅರ್ಧದಿಂದ ಶುರು ಮಾಡು. ಹನಿ ಸಾವಕಾಶ ಬಿಡು, ನಾಡಿ ಮ್ಯಾಲಿಂದ ಬಟ್ಟು ತಗೀಬ್ಯಾಡ.” ವರ್ಷದ ದುಡಿಮೆಯನ್ನು ಕಳ್ಳನಿಗೆ ನಾನೇ ಓದಿ ಹೇಳಿ ಬರೆಸಿದ್ದು ಹೀಗೆ.

ಅವನು ಆ ಬಾಟಲಿಯನ್ನು ಮೋರಿಗೆ ಸುರಿದ. ನನ್ನ ಕೈ ಹಿಡಿದು, “ತಪ್ಪಾತೋ. ನನ್ನ ಕಡಿಂದ ದೊಡ್ಡ ತಪ್ಪಾತು,” ಅಂದ. ಆಮೇಲೆ ಹೊಸ ನೀರು ಮಾಡಿದ.

ಸಂಜೆಯವರೆಗೆ ಮೀನುಗಾರನ ಒಂದು ಮಣಿಕಟ್ಟು ನನ್ನ ಕೈಯಲ್ಲಿ, ಇನ್ನೊಂದು ಡಾಕ್ಟರನ ಕೈಯಲ್ಲಿ. ನಾಲ್ಕು ಬಡಿತ, ಒಂದು ಖಾಲಿ. ಆರು ಬಡಿತ, ಒಂದು ಖಾಲಿ. ಮೂರು ಗಂಟೆಯ ಹೊತ್ತಿಗೆ ಹನ್ನೆರಡು, ಹದಿಮೂರು. ಆಮೇಲೆ ನಾನು ಎಣಿಸುತ್ತಲೇ ಹೋದೆ, ಖಾಲಿ ಬರಲೇ ಇಲ್ಲ. ಹೊತ್ತು ಇಳಿಯುವಾಗ ಮೀನುಗಾರ ಕಾಲು ಮಡಚಿ, “ಒಂದೀಟು ಮಜ್ಜಿಗಿ ಸಿಗತೈತೇನ್ರಿ?” ಅಂದ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದಳು.

ನಾನು ಹೊರಡುವಾಗ ಡಾಕ್ಟರ ಮೇಜಿನ ಮೇಲಿದ್ದ ನನ್ನ ಸುಳ್ಳು ತಖ್ತೆಯನ್ನು ಎತ್ತಿಕೊಂಡ. ನನಗೆ ಕೊಡುತ್ತಾನೆ ಅಂದುಕೊಂಡೆ. ನಾಲ್ಕು ಮಡಿಕೆ ಮಾಡಿ, ಖಾನೆಯಲ್ಲಿಟ್ಟು, ಕೀಲಿ ಹಾಕಿದ. “ಇದು ನನ್ನ ಹಂತೇಕ ಇರ್ಲಿ,” ಅಂದ. ನಾನು ತಲೆಯಾಡಿಸಿದೆ. ಯಾಕೆ ಅಂತ ಇಬ್ಬರಿಗೂ ತಿಳಿದಿತ್ತು.

ಸಭೆ ಆಯಿತು. ಮೂಡಲಗಿಯ ಅಂಗಡಿಯವರೇ ಅಚ್ಚಾದ ಭಾಷಣದ ಹಾಳೆ ತೋರಿಸಿದರು. ಸರಿಯಾದ ಅಳತೆ, ತೂಬು, ಧುಪದಾಳದ ಒಡ್ಡು, ವಾಸಿಯಾದ ಒಬ್ಬ ರೋಗಿ, ಎಲ್ಲ ಇತ್ತು. ಹೆಸರು ಒಂದೇ ಇತ್ತು. ನಾನು ಎದ್ದು ‘ಇದು ನನ್ನದು’ ಅಂದಿದ್ದರೆ, ಅವನು ಖಾನೆಯ ಕೀಲಿ ತೆಗೆದು, ನನ್ನ ಅಕ್ಷರ, ನನ್ನ ಸಹಿ, ಒಬ್ಬ ಮನುಷ್ಯನನ್ನು ಕೊಲ್ಲಬಹುದಾಗಿದ್ದ ಅಳತೆಯನ್ನು ಎತ್ತಿ ಹಿಡಿಯುತ್ತಿದ್ದ. ಆ ಇಡೀ ಸಂಶೋಧನೆಯಲ್ಲಿ ನನ್ನ ಹೆಸರಿರುವ ಕಾಗದ ಅದೊಂದೇ. ಆಮೇಲೆ ನಾವಿಬ್ಬರೂ ಭೇಟಿಯಾಗಲಿಲ್ಲ. ಅವನ ಅಳತೆಯ ಸಲಾಯಿನ್ನಿನಿಂದ ಹುಕ್ಕೇರಿ ಭಾಗದಲ್ಲಿ ಎಷ್ಟೋ ಜನ ಎದ್ದು ಕೂತರು ಅಂತ ಕೇಳಿದ್ದೇನೆ. ಅವನ ಅಳತೆ ಅಂದೆ ನೋಡಿ. ನನ್ನ ಬಾಯಲ್ಲೂ ಹಾಗೆಯೇ ಬರುತ್ತದೆ.

ಇನ್ನು, ಇಷ್ಟರಲ್ಲಿ ನಾನು ಕಟ್ಟಿ ಹೇಳಿದ್ದು ಒಂದಿದೆ. ಬೂದಿ ಖರೆ, ಕಪ್ಪೆ ಖರೆ, ಸಹಿ ಮಾಡಿದ ಸುಳ್ಳೂ ಖರೆ. ಆದರೆ ಡಾಕ್ಟರ ಆ ದಿನ ನನ್ನ ಕೈ ಹಿಡಿಯಲಿಲ್ಲ, ತಪ್ಪಾಯಿತು ಅನ್ನಲೂ ಇಲ್ಲ. ಬೆನ್ನು ತಿರುಗಿಸಿ ಬಾಟಲಿ ತೊಳೆಯುತ್ತಾ ನಿಂತಿದ್ದ. ಆ ಮಾತು ಆ ಕೋಣೆಯಲ್ಲಿ ಕೇಳಿಬಂದದ್ದು ಮಾತ್ರ ನಿಜ. ಮಂಚದ ಬಾಜೂ ಕೂತು, ಮೀನುಗಾರನ ತಣ್ಣಗಿನ ಕೈ ಹಿಡಿದುಕೊಂಡು ಹಾಗೆ ಅಂದವನು ನಾನು. ಯಾಕೆ ಅಂತ ಅವನಿಗೆ ತಿಳಿಯಲಿಲ್ಲ. ಕಿಟಕಿಯ ಹತ್ತಿರದ ತಟ್ಟೆಯ ಕಡೆ ನೋಡಿ, “ಇರ್ಲಿ ಬಿಡ್ರಿ ಮಾಸ್ತರ್ರ,” ಅಂತ ನನ್ನನ್ನೇ ಸಮಾಧಾನ ಮಾಡಿದ. “ಒಂದ ಕಪ್ಪಿ ಹೋದ್ರ ಏನಾತು, ನಾ ಎದ್ದ ಮ್ಯಾಲ ಮತ್ತೊಂದು ಹಿಡದು ಕೊಡ್ತೇನಿ.”